ಕಮಟು

ಚಾವುಸನ ಗುಜರಿಯಲ್ಲಿ ಒಂಬೈನೂರಕ್ಕೆ ಸಿಕ್ಕಿತು
ಮೀನಿನ ತೊಟ್ಟಿ ಇಡುವ ಸ್ಟ್ಯಾಂಡು.
ಮೂರಡಿ ಅಗಲ, ಒಂದು ಖಾನೆ, ಅದಕ್ಕೆರಡು ಬಾಗಿಲು.
"ಸಾಗವಾನಿ ಅದ ಸಾಬ್, ತಟ್ಟಿ ನೋಡ್ರಿ,"
ಅಂದ ಇಸ್ಮಾಯಿಲ್ ಚಾವುಸ್. ತಟ್ಟಿ ನೋಡಿದೆ.
ಮೂಸಿ ನೋಡಲಿಲ್ಲ.

ಸುಪರ್ ಮಾರ್ಕೆಟ್‌ನಿಂದ ಬ್ರಹ್ಮಪುರದವರೆಗೆ
ಟಂಟಂನಲ್ಲಿ ಅದರ ಪಕ್ಕವೇ ಕೂತು ಬಂದೆ.
ಗಾಳಿಯಿತ್ತು, ಗೊತ್ತಾಗಲಿಲ್ಲ.
ರಾತ್ರಿ ಬಾಗಿಲು ಹಾಕಿಕೊಂಡ ಮೇಲೆ
ಅದು ಉಸಿರು ಬಿಟ್ಟಿತು:
ಹಳೆಯ ನೀರು, ಪಾಚಿ, ಸತ್ತ ಮೀನು,
ಯಾರದೋ ಮನೆಯ ಹತ್ತು ವರ್ಷ.

ಬಾಡಿಗೆಗೆ ಬಂದ ದಿನ ನೀಲಾಂಬಿಕಾ ಅಕ್ಕ
ಊರು ಕೇಳಿದ್ದರು, ಅಡ್ಡಹೆಸರು ಕೇಳಿದ್ದರು,
ಕೊನೆಗೆ, ಕೀಲಿ ಇನ್ನೂ ಕೈಯಲ್ಲೇ ಇಟ್ಟುಕೊಂಡು,
"ಮನ್ಯಾಗ ಅದೆಲ್ಲ ಮಾಡಂಗಿಲ್ಲ ನೋಡ್ರಿ" ಅಂದಿದ್ದರು.
ಅದೆಲ್ಲ ಅಂದರೆ ಏನೆಂದು ನಾನು ಕೇಳಲಿಲ್ಲ.
ಎರಡು ವರ್ಷ ಮಾಡಿಲ್ಲ.
ಭಾನುವಾರ ಸ್ಟೇಷನ್ ರೋಡಿನ ಹೋಟೆಲಿನಲ್ಲಿ ತಿಂದು
ಬಡೆಸೋಪು ಅಗಿಯುತ್ತ ಮನೆಗೆ ಬರುತ್ತೇನೆ.

ಮರುದಿನ ಮೆಟ್ಟಿಲ ಮೇಲೆ ಅವರ ಮೂಗು ನಿಂತಿತು.
"ಏನ್ರಿ ಸಾಯಿಬಣ್ಣ, ಏನೋ ನಾರ್ತದಲ್ಲ?"
"ಸ್ಟ್ಯಾಂಡ್ ರೀ ಅಕ್ಕಾರ. ಕಟ್ಟಗಿ."
"ಕಟ್ಟಗಿ ಹಿಂಗ್ ನಾರ್ತದೇನು?"

ಆಗ ಸುರುವಾಯಿತು.
ಸೋಪಿನ ನೀರು. ಒರೆಸಿದ ಬಟ್ಟೆ ಕರ್ರಗೆ.
ವಿನೆಗರ್ ಅರ್ಧ ಬಾಟಲಿ; ಮನೆಯೆಲ್ಲ ಗೋಬಿ ಗಾಡಿ.
ಅಡುಗೆ ಸೋಡಾ ಉದುರಿಸಿ ಎರಡು ರಾತ್ರಿ ಬಿಟ್ಟೆ,
ಇಸ್ತ್ರಿಯವನ ಇದ್ದಿಲು ತಂದು ಖಾನೆಯಲ್ಲಿಟ್ಟೆ,
ದರ್ಗಾದ ಹತ್ತಿರ ಕೊಂಡ ಲೋಬಾನದ ಹೊಗೆ ಹಾಕಿದೆ.
ಹೊಗೆ ಹೋಯಿತು, ಲೋಬಾನದ ಘಮವೂ ಹೋಯಿತು,
ಅದು ಮಾತ್ರ ಅಲ್ಲೇ, ಊಟಕ್ಕೆ ಕಾದ ನೆಂಟನ ಹಾಗೆ.

ಮೇ ತಿಂಗಳು. ನಲವತ್ನಾಲ್ಕು ಡಿಗ್ರಿ.
ಮಾಳಿಗೆಯ ಶಹಾಬಾದ್ ಕಲ್ಲಿನ ಮೇಲೆ ಬೋರಲು ಹಾಕಿದೆ.
ಈ ಊರ ಬಿಸಿಲಿಗೆ ಹಪ್ಪಳ ಒಣಗುತ್ತದೆ,
ಜಗಳ ಒಣಗುತ್ತದೆ, ನಳದೊಳಗಿನ ನೀರೂ.
ನಾಲ್ಕನೆಯ ದಿನ ಮೂಗು ಹಚ್ಚಿ ನೋಡಿದೆ. ಏನೂ ಇಲ್ಲ.
ಸಂಜೆ ಒಳಗೆ ತಂದು ಕೂಲರ್ ಹಚ್ಚಿದೆ.
ತೇವ ಮುಟ್ಟಿದ್ದೇ ತಡ, ಎದ್ದು ಕೂತಿತು.

ಬಡಿಗೇರ ಮಾನಪ್ಪ ಬಂದವನು ಮೂಸಲೂ ಇಲ್ಲ.
ಬೋರಲು ಮಾಡಿ ಉಗುರಿನಿಂದ ಕೆರೆದ.
"ಸಾಗವಾನಿ ಅಲ್ರಿ, ಪ್ಲೈ. ಮ್ಯಾಲೆಲ್ಲ ಪಾಲಿಶ್ ಹೊಡದಾರ.
ತಳಾ ನೋಡ್ರಿ. ಯಾರಿಗಿ ಕಾಣ್ತದ ಅಂತ ಹಂಗೇ ಬಿಟ್ಟಾರ.
ಕಟ್ಟಗಿ ಕಾಣಲಾರದ ಕಡಿಂದನ ನೀರು ಕುಡೀತದ."
ತಿಕ್ಕಿ ಮೂರು ಸಲ ಚಂದ್ರಸ ಹಚ್ಚಲು ಹೇಳಿದ.
"ಹೋಗ್ತದೇನು?"
"ಎಲ್ಲಿ ಹೋಗ್ತದ್ರಿ. ಒಳಗ ಮುಚ್ಕೊಂಡು ಕೂಡ್ತದ."

ಉಸುಕಿನ ಕಾಗದ ತಿಕ್ಕುತ್ತ ತಿಕ್ಕುತ್ತ
ಬೆರಳಿಗೆ ನೆನಪಾಯಿತು.
ಭೀಮಾ ದಂಡೆಯ ನಸುಕು.
ಬಲೆ ಬಿಡಿಸಿ ಬಂದ ನನ್ನ ಕೈಗೆ ಸಣ್ಣವ್ವ
ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು
ಸಾಲಿಗೆ ಕಳಿಸುವ ಮುಂಚೆ,
ಉಗುರ ಸಂದಿ ಉರಿಯುವವರೆಗೆ.
"ಮೂಸು" ಅನ್ನುತ್ತಿದ್ದಳು. ಮೂಸುತ್ತಿದ್ದೆ.
"ಹೋತಾ?"
"ಹೋತು."
ಮಾಸ್ತರರು ಆದರೂ ನನ್ನ ಪಾಟಿ
ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ.
ನೆಲಕ್ಕಿಡಿಸಿ, ಬಗ್ಗಿ ಓದುತ್ತಿದ್ದರು.

ಈಗ ತೊಟ್ಟಿ ಕೂತಿದೆ. ಕಿತ್ತಳೆ ಬಣ್ಣದವು ಆರು.
ನೀಲಾಂಬಿಕಾ ಅಕ್ಕ ದಿನಾ ಸಂಜೆ ಬಂದು
ಚಿಟಿಕೆ ಕಾಳು ಹಾಕಿ, "ಎಷ್ಟ್ ಚಂದ ಅವ" ಅನ್ನುತ್ತಾರೆ.

ಶುಕ್ರವಾರ ಮಾರ್ಕೆಟ್ ಮುಗಿಸಿ ಸಣ್ಣವ್ವ ಬಂದಳು.
ಅಕ್ಕ ಅಲ್ಲೇ ಇದ್ದರು.
ಸಣ್ಣವ್ವ ಕುಕ್ಕರಗಾಲಲ್ಲಿ ಕೂತು, ಗಾಜಿಗೆ ಹಣೆ ಹಚ್ಚಿ,
"ಇವು ಹೆಂಗ ಕಿಲೋ?" ಅಂದಳು.
ಯಾರೂ ಮಾತಾಡಲಿಲ್ಲ. ಮೀನು ತಿರುಗಿದವು.
ಆಮೇಲೆ ಅಕ್ಕನೇ ಮೊದಲು ನಕ್ಕದ್ದು, ಸ್ವಲ್ಪ.

ಸಣ್ಣವ್ವ ಸ್ಟ್ಯಾಂಡಿನ ಮೇಲೆ ಕೈಯಾಡಿಸಿದಳು.
"ನೀರಿನ ಸಾಮಾನು, ಒಂದೀಟೂ ವಾಸನಿ ಇಲ್ಲಲ್ಲೋ."
ಆಗ ಹೊಳೆಯಿತು: ಅವಳ ಬುಟ್ಟಿ ಎಲ್ಲಿ?
ಕೆಳಗೆ, ಮೆಟ್ಟಿಲ ಮರೆಯಲ್ಲಿ,
ಯೂರಿಯಾ ಚೀಲದೊಳಗೆ ಸುತ್ತಿ ಕಟ್ಟಿಟ್ಟು ಬಂದಿದ್ದಳು.
ನಾನು ಹೇಳಿರಲಿಲ್ಲ.

ಇಳಿದು ಹೋಗಿ ತಂದೆ.
ಖಾನೆ ತೆಗೆದು ಒಳಗಿಟ್ಟೆ.
ಹಿಡಿಯಲಿಲ್ಲ.
ಬಾಗಿಲು ಅರ್ಧ ತೆರೆದೇ ಇರಲಿ ಅಂತ ಬಿಟ್ಟೆ.